ಫೆರಿಟಿನ್ ಜಾಸ್ತಿ ಬಂದರೆ ಲಿವರ್‌ನಲ್ಲಿ ಕಬ್ಬಿಣ ತುಂಬಿದೆ ಎಂದೇ ಅರ್ಥವೇ?

ಪ್ರಶ್ನೆ: ಡಾಕ್ಟ್ರೇ, ನಮಸ್ಕಾರ. ನಮ್ಮ ತಂದೆಗೆ 61 ವರ್ಷ. ಆರು ವರ್ಷದಿಂದ ಫ್ಯಾಟಿ ಲಿವರ್ ಇದೆ, ಈಗ ಲಿವರ್ ಸ್ವಲ್ಪ ಗಟ್ಟಿಯಾಗಿದೆ ಅಂದಿದ್ದಾರೆ. ಹೋದ ವಾರದ ರಿಪೋರ್ಟ್‌ನಲ್ಲಿ ಫೆರಿಟಿನ್ 860, ಟ್ರಾನ್ಸ್‌ಫೆರಿನ್ ಸ್ಯಾಚುರೇಶನ್ 32 ಪರ್ಸೆಂಟ್. ಫೆರಿಟಿನ್ ಪಕ್ಕದಲ್ಲಿ ದಪ್ಪಕ್ಷರದಲ್ಲಿ ‘ಹೈ’ ಅಂತಿದೆ. ಮೈಯಲ್ಲಿ ಕಬ್ಬಿಣ ತುಂಬಿಕೊಂಡಿದೆ, ರಕ್ತ ತೆಗೆಸಿ ಅಂತ ನೆಂಟರೊಬ್ಬರು ಹೇಳಿದ್ದೇ ತಡ, ಅಪ್ಪ ಸೊಪ್ಪು ಮುಟ್ಟುತ್ತಿಲ್ಲ, ರಾತ್ರಿ ನಿದ್ದೆಯೂ ಮಾಡುತ್ತಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಅಪ್ಪನಿಗೆ ಸೊಪ್ಪು ತಿನ್ನಲು ಹೇಳಿ. ಉಳಿದದ್ದು ಆಮೇಲೆ.

ಫೆರಿಟಿನ್ ಅಂದರೆ ಕಬ್ಬಿಣವನ್ನು ಕೂಡಿಡುವ ಪ್ರೋಟೀನ್. ಲಿವರ್ ಜೀವಕೋಶಗಳ ಒಳಗೆ ಇದು ಜಾಸ್ತಿ ಇರುತ್ತದೆ. ಲಿವರ್ ಒಂದು ಕಣಜ ಅಂದುಕೊಳ್ಳಿ. ಕಣಜ ಭರ್ತಿಯಾಗಿ ತುಳುಕಿದರೂ ಕಾಳು ಹೊರಗೆ ಬೀಳುತ್ತದೆ, ಗೋಡೆ ಬಿರುಕು ಬಿಟ್ಟರೂ ಬೀಳುತ್ತದೆ ಅಲ್ವಾ? ಹೊರಗೆ ಬಿದ್ದ ಕಾಳನ್ನು ಮಾತ್ರ ನೋಡಿದರೆ ಇವೆರಡರಲ್ಲಿ ಯಾವುದು ಆಗಿದೆ ಅಂತ ಹೇಳಲು ಬರುವುದಿಲ್ಲ. ವರ್ಷಗಟ್ಟಲೆ ಕಾಯಿಲೆ ಬಿದ್ದ ಲಿವರ್‌ನಲ್ಲಿ ಗೋಡೆ ಬಿರುಕು ಬಿಟ್ಟಿರುವುದೇ ಹೆಚ್ಚು. ಇದರ ಜೊತೆಗೆ ಜ್ವರ, ಸೋಂಕು, ಉರಿಯೂತ, ಕುಡಿತ, ಬೊಜ್ಜು, ಸಕ್ಕರೆ ಕಾಯಿಲೆ ಇವೂ ಫೆರಿಟಿನ್ ಅನ್ನು ಏರಿಸುತ್ತವೆ, ಮೈಯಲ್ಲಿ ಕಬ್ಬಿಣ ಒಂದು ಚೂರೂ ಹೆಚ್ಚಾಗದೆ!

ಅದಕ್ಕೇ ಪಕ್ಕದ ಸಾಲು ಓದಬೇಕು. ಟ್ರಾನ್ಸ್‌ಫೆರಿನ್ ಎಂಬುದು ರಕ್ತದಲ್ಲಿ ಕಬ್ಬಿಣ ಹೊರುವ ಗಾಡಿ. ಅದರಲ್ಲಿ ಎಷ್ಟು ಭಾಗ ತುಂಬಿದೆ ಎನ್ನುವುದೇ ಸ್ಯಾಚುರೇಶನ್. ಸಾಮಾನ್ಯವಾಗಿ 45 ಪರ್ಸೆಂಟ್ ದಾಟಿದರೆ ನಾವು ಕಿವಿ ನಿಮಿರಿಸುತ್ತೇವೆ. ನಿಮ್ಮ ತಂದೆಯದು 32. ಫೆರಿಟಿನ್ ಕೂಡ 1000 ದಾಟಿಲ್ಲ. ನನಗೆ ಇದು ಕಬ್ಬಿಣದ ಕಾಯಿಲೆಗಿಂತ ಫ್ಯಾಟಿ ಲಿವರ್‌ನದೇ ಸದ್ದು ಅನ್ನಿಸುತ್ತದೆ. ಒಂದೆರಡು ತಿಂಗಳು ಬಿಟ್ಟು, ಜ್ವರ ನೆಗಡಿ ಇಲ್ಲದ ದಿನ, ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಎರಡನ್ನೂ ಮತ್ತೆ ಮಾಡಿಸಿ. ರಕ್ತದಲ್ಲಿನ ಕಬ್ಬಿಣ ಒಂದೇ ದಿನದಲ್ಲಿ ಏರಿಳಿಯುತ್ತದೆ, ಐರನ್ ಮಾತ್ರೆ ನುಂಗಿದ್ದರಂತೂ ಕೇಳುವುದೇ ಬೇಡ. ಆಗಲೂ ಅನುಮಾನ ಉಳಿದರೆ ಎಂಆರ್‌ಐ ಮಾಡಿ ಲಿವರ್‌ನಲ್ಲಿ ಕಬ್ಬಿಣ ಎಷ್ಟಿದೆ ಅಂತ ನೇರವಾಗಿ ಅಳೆಯಬಹುದು, ಸೂಜಿ ಹಾಕಿ ಲಿವರ್ ಚೂರು ತೆಗೆಯುವ ಅಗತ್ಯ ಈಗ ಎಷ್ಟೋ ಕಡಿಮೆಯಾಗಿದೆ.

ರಕ್ತ ತೆಗೆಸುವ ಮಾತಿಗೆ ಬರೋಣ. ಹೆಚ್ಚಾದ ಕಬ್ಬಿಣವನ್ನು ಹೊರಗೆ ಹಾಕಲು ನಮ್ಮ ದೇಹಕ್ಕೆ ದಾರಿಯಿಲ್ಲ, ದಿನಕ್ಕೆ 1-2 ಮಿಲಿಗ್ರಾಂ ತಾನಾಗಿ ಹೋದರೆ ಅದೇ ಹೆಚ್ಚು. ಅರ್ಧ ಲೀಟರ್ ರಕ್ತ ತೆಗೆದರೆ 200-250 ಮಿಲಿಗ್ರಾಂ ಹೋಗುತ್ತದೆ. ಹಾಗಾಗಿ ನಿಜವಾಗಿ ಕಬ್ಬಿಣ ತುಂಬಿದವರಿಗೆ ಅದು ಒಳ್ಳೆಯ ಚಿಕಿತ್ಸೆಯೇ. ಸುಮ್ನೆ ತೆಗೆಸಿದರೆ ಮಾತ್ರ ರಕ್ತಹೀನತೆ ಬರುತ್ತದೆ. ದಯವಿಟ್ಟು ನೆಂಟರ ಮಾತಿಗೆ ತೋಳು ಚಾಚಬೇಡಿ. ಡಾಕ್ಟರ್ ಹೇಳದೆ ಐರನ್ ಮಾತ್ರೆ, ವಿಟಮಿನ್ ಸಿ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ನಿಲ್ಲಿಸಿ. ಮದ್ಯ ಪೂರ್ತಿ ಬಿಡಲಿ.

ಪ್ರಶ್ನೆ: ನನ್ನ ಅಣ್ಣನಿಗೆ ಸಿರೋಸಿಸ್, ಅಂದರೆ ಲಿವರ್ ಗಾಯಗೊಂಡು ಗಟ್ಟಿಯಾಗುವ ಕಾಯಿಲೆ. ಸೀರಮ್ ಐರನ್ 110, ಟಿಐಬಿಸಿ 160, ಸ್ಯಾಚುರೇಶನ್ 69, ಫೆರಿಟಿನ್ 240. ಸ್ಯಾಚುರೇಶನ್ ಇಷ್ಟಿದ್ದರೆ ವಂಶದ ಕಾಯಿಲೆ ಅಂತೆ, ಹೌದಾ? ನಾನೂ ಟೆಸ್ಟ್ ಮಾಡಿಸಬೇಕಾ?

ಉತ್ತರ: ಮೇಲಿನ ಪತ್ರದ ತಿರುಗುಮುರುಗು ಇದು. ಅಣ್ಣನ ಕಬ್ಬಿಣ 110, ಅದು ಎಲ್ಲರಲ್ಲೂ ಇರುವಷ್ಟೇ. ಕಡಿಮೆಯಾಗಿರುವುದು ಟಿಐಬಿಸಿ, ಅಂದರೆ ಗಾಡಿಗಳ ಲೆಕ್ಕ. ಟ್ರಾನ್ಸ್‌ಫೆರಿನ್ ತಯಾರಾಗುವುದೇ ಲಿವರ್‌ನಲ್ಲಿ. ಸೋತ ಲಿವರ್ ಗಾಡಿ ಕಮ್ಮಿ ಮಾಡುತ್ತದೆ, ಇರುವ ನಾಲ್ಕು ಗಾಡಿ ಬೇಗ ತುಂಬಿಬಿಡುತ್ತವೆ. ಕಬ್ಬಿಣವನ್ನು ಟಿಐಬಿಸಿಯಿಂದ ಭಾಗಿಸಿದರೆ ಬರುವುದೇ ಸ್ಯಾಚುರೇಶನ್. ಅದೇ 110 ಅನ್ನು ಸಹಜ ಟಿಐಬಿಸಿಯಿಂದ, ಉದಾಹರಣೆಗೆ 330ರಿಂದ ಭಾಗಿಸಿ ನೋಡಿ, 33 ಪರ್ಸೆಂಟ್ ಬರುತ್ತದೆ. ಅಣ್ಣನ ಆಲ್ಬುಮಿನ್ ಎಷ್ಟಿದೆ ನೋಡಿ, ಬಹುಶಃ ಅದೂ ಇಳಿದಿರುತ್ತದೆ. ಅದೂ ಲಿವರ್ ತಯಾರಿಸುವ ಪ್ರೋಟೀನೇ, ಕಾರಣ ಒಂದೇ.

ಗಂಡಸರಿಗೆ ಫೆರಿಟಿನ್ ಸುಮಾರು 300ರವರೆಗೆ ಸಹಜ. ಫೆರಿಟಿನ್ ಸಹಜವಾಗಿದ್ದಾಗ ಕಬ್ಬಿಣ ತುಂಬಿರುವ ಸಾಧ್ಯತೆ ತುಂಬಾ ಕಡಿಮೆ. ವಂಶದಲ್ಲಿ ಬರುವ, ಮೈಯಲ್ಲಿ ಕಬ್ಬಿಣ ತುಂಬಿಕೊಳ್ಳುವ ಹೀಮೋಕ್ರೊಮಟೋಸಿಸ್ ಕಾಯಿಲೆಗೆ ಮುಖ್ಯ ಕಾರಣವಾದ ಎಚ್‌ಎಫ್‌ಇ ಜೀನ್ ದೋಷ ಹೆಚ್ಚಾಗಿ ಉತ್ತರ ಯುರೋಪ್ ಮೂಲದವರಲ್ಲಿ ಕಾಣುತ್ತದೆ. ಫೆರಿಟಿನ್, ಸ್ಯಾಚುರೇಶನ್ ಎರಡೂ ಮತ್ತೆ ಮತ್ತೆ ಜಾಸ್ತಿ ಬಂದರೆ ಆ ಜೀನ್ ಪರೀಕ್ಷೆಯ ಮಾತು. ಅಣ್ಣನಿಗೆ ಅದು ಖಚಿತವಾದರೆ ಆಗ ನೀವೂ ಮಾಡಿಸಲೇಬೇಕು, ಒಡಹುಟ್ಟಿದವರಿಗೆ ನಾಲ್ಕರಲ್ಲಿ ಒಂದು ಪಾಲು ಸಾಧ್ಯತೆ ಇರುತ್ತದೆ. ಈಗ ಬೇಡ. ಅಣ್ಣನ ಹಳೆಯ ರಿಪೋರ್ಟ್‌ಗಳನ್ನೆಲ್ಲ ತಾರೀಖಿನ ಪ್ರಕಾರ ಜೋಡಿಸಿ ಲಿವರ್ ಡಾಕ್ಟರ ಮುಂದಿಡಿ. ಫೆರಿಟಿನ್ ವರ್ಷದಿಂದ ವರ್ಷಕ್ಕೆ ಏರುತ್ತಿದೆಯಾ ಅಂತ ಅವರನ್ನು ಕೇಳಿ.