ಆಂಪ್ ಯಾವುದು ಅಂತ ಕೇಳುವ ಮೊದಲು

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಮಾತು ಕೇಳುತ್ತವೆ: “ಕಂಪ್ಯೂಟರಿನಲ್ಲಿ ಹಾಡು ಕೇಳೋಕೆ ಯಾವ ಆಂಪ್ ತಗೊಳ್ಳಲಿ ಸರ್?” ಆಂಪ್ ಅಂದರೆ ಹೆಡ್‌ಫೋನ್‌ಗೆ ಬಲ ಕೊಡುವ ಆಂಪ್ಲಿಫೈಯರ್ ಡಬ್ಬಿ. ಅದು ಯಾವ ಹೆಡ್‌ಫೋನ್‌ಗೆ ಅನ್ನೋದನ್ನ ಮಾತ್ರ ಯಾರೂ ಬರೆಯುವುದಿಲ್ಲ. ಎತ್ತು ತೋರಿಸದೆ ನೊಗದ ಅಳತೆ ಕೇಳಿದರೆ ಏನು ಹೇಳಲಿ? ಆಳಂದದ ಓದುಗರೊಬ್ಬರು ಒಂದಿಷ್ಟು ವಿವರ ಕೊಟ್ಟಿದ್ದಾರೆ. ಈ ವಾರದ ಜಾಗ ಬಹುಪಾಲು ಅವರಿಗೆ.

ಪ್ರಶ್ನೆ: 20 ಸಾವಿರ ರೂಪಾಯಿ ಕೂಡಿಟ್ಟಿದ್ದೇನೆ. ಲ್ಯಾಪ್‌ಟಾಪ್‌ನಲ್ಲಿ ಹಿಂದೂಸ್ತಾನಿ ಗಾಯನ, ವಚನ, ತತ್ವಪದ ಕೇಳುತ್ತೇನೆ. ಅರ್ಧ ದುಡ್ಡು ಹೆಡ್‌ಫೋನ್‌ಗೆ, ಅರ್ಧ ಆಂಪ್‌ಗೆ ಹಾಕಿ ಅಂತ ಅಂಗಡಿಯವರು ಹೇಳಿದರು. 250 ಓಮ್‌ನ ಹೆಡ್‌ಫೋನೇ ಸ್ಟುಡಿಯೋ ಕ್ವಾಲಿಟಿ ಅಂತೆ. ಹೌದಾ?

ಉತ್ತರ: ಅಲ್ಲ. ಈ ಅರ್ಧರ್ಧದ ಲೆಕ್ಕ ಎರಡು ಡಬ್ಬಿ ಮಾರೋಕೆ ಹುಟ್ಟಿದ್ದು. ದನಿ ಹೇಗಿರುತ್ತೆ ಅನ್ನೋದು ಬಹುಪಾಲು ಹೆಡ್‌ಫೋನ್ ಕೈಲಿದೆ. ಎರಡು ಬೇರೆ ಹೆಡ್‌ಫೋನ್‌ಗಳ ವ್ಯತ್ಯಾಸ ಮನೆಯಲ್ಲಿ ಯಾರಿಗಾದರೂ ತಕ್ಷಣ ಗೊತ್ತಾಗುತ್ತದೆ. ಅದೇ ಎರಡು ಒಳ್ಳೆಯ ಆಂಪ್‌ಗಳ ವಾಲ್ಯೂಮ್ ಸಮ ಮಾಡಿ, ಯಾವುದು ಓಡ್ತಿದೆ ಅಂತ ಹೇಳದೆ ಕೇಳಿಸಿ ನೋಡಿ. ದೊಡ್ಡ ಮಾತಾಡುವವರೂ ಸುಮ್ನೆ ಆಗುತ್ತಾರೆ. ಆದ್ದರಿಂದ ಮೊದಲು ದುಡ್ಡೆಲ್ಲ ಹೆಡ್‌ಫೋನ್‌ಗೆ ಅಂತಲೇ ಲೆಕ್ಕ ಹಾಕಿ. ಆಂಪ್ ಬೇಕೇ ಬೇಕು ಅಂತ ಗೊತ್ತಾದ ಮೇಲೆ ಅದಕ್ಕೆ ತೆಗೆಯಿರಿ.

ಇನ್ನು ಓಮ್. ಅದು ವಿದ್ಯುತ್ತಿಗೆ ಎಷ್ಟು ತಡೆ ಅಂತ ಹೇಳುವ ಸಂಖ್ಯೆ, ಗುಣಮಟ್ಟದ ಮಾರ್ಕು ಅಲ್ಲ. ಬೇಯರ್‌ಡೈನಾಮಿಕ್ ಕಂಪನಿಯ ಡಿಟಿ 770 ಪ್ರೊ ಹೆಡ್‌ಫೋನ್ ಒಂದೇ ಹೆಸರಿನಲ್ಲಿ 32, 80, 250 ಓಮ್ ಮೂರರಲ್ಲೂ ಬಂದಿದೆ. ಆಡಿಯೋ-ಟೆಕ್ನಿಕಾದ ಎಂ50ಎಕ್ಸ್ 38 ಓಮ್. ಸ್ಟುಡಿಯೋಗಳಲ್ಲಿ ದಶಕಗಳಿಂದ ನೇತಾಡುತ್ತಿರುವ ಸೋನಿ 7506 ಬರೀ 63 ಓಮ್. ಹಾಗಾದರೆ ಅದು ಸ್ಟುಡಿಯೋದ್ದಲ್ವಾ?

ನೋಡಬೇಕಾದ್ದು ಎರಡು ಸಂಖ್ಯೆ: ಓಮ್, ಮತ್ತು 1 ಮಿಲಿವಾಟ್ ಶಕ್ತಿ ಕೊಟ್ಟರೆ ಎಷ್ಟು ಡೆಸಿಬಲ್ ಸದ್ದು ಬರುತ್ತೆ ಅನ್ನೋದು. 250 ಓಮ್, 96 ಡೆಸಿಬಲ್‌ನ ಹೆಡ್‌ಫೋನ್ ತಗೊಳ್ಳಿ. ಸದ್ದು 10 ಡೆಸಿಬಲ್ ಏರಬೇಕಾದರೆ ಶಕ್ತಿ 10 ಪಟ್ಟು ಬೇಕು. ಗಾಯಕರು ತಾರಸಪ್ತಕಕ್ಕೆ ಹೋದಾಗ, ತಬಲಾ ಏಟು ಬಿದ್ದಾಗ ಒಡೆಯಬಾರದು ಅಂತ 110 ಡೆಸಿಬಲ್‌ವರೆಗೆ ದಾರಿ ಬಿಡೋಣ. ಅದಕ್ಕೆ ಬೇಕಾದ್ದು ಸುಮಾರು 25 ಮಿಲಿವಾಟ್. ಅಷ್ಟೇ! ಆದರೆ 250 ಓಮ್‌ನೊಳಗೆ ಅಷ್ಟು ತಳ್ಳೋಕೆ 2.5 ವೋಲ್ಟ್ ಬೇಕು. ಲ್ಯಾಪ್‌ಟಾಪ್‌ನ ಜ್ಯಾಕ್ ಸಾಮಾನ್ಯವಾಗಿ 1 ವೋಲ್ಟ್ ಆಸುಪಾಸಿನಲ್ಲೇ ನಿಲ್ಲುತ್ತದೆ. ಹಳೆಯ, ಮೆತ್ತಗೆ ಧ್ವನಿಮುದ್ರಣವಾದ ಗಾಯನ ಹಾಕಿದರೆ ವಾಲ್ಯೂಮ್ ಪೂರ್ತಿ ಏರಿಸಿದರೂ ಸಾಲದು ಅನ್ನಿಸೋದು ಇದಕ್ಕೇ. ಇದೇ ಲೆಕ್ಕದಲ್ಲಿ ಎಂ50ಎಕ್ಸ್‌ಗೆ 1 ವೋಲ್ಟೇ ಜಾಸ್ತಿಯಾಗುತ್ತದೆ.

ಹಾಗಾಗಿ 80 ಓಮ್ ಒಳಗಿನ, 98 ಡೆಸಿಬಲ್ ಮೇಲಿನ ಹೆಡ್‌ಫೋನ್ ಕೊಂಡರೆ ನಿಮಗೆ ದೊಡ್ಡ ಆಂಪ್ ಬೇಡ. 250 ಓಮ್‌ನದ್ದೇ ಬೇಕು ಅಂತ ಹಟ ಇದ್ದರೆ ಆಂಪ್ ಡಬ್ಬಿಯ ಮೇಲೆ 250 ಅಥವಾ 300 ಓಮ್‌ಗೆ ಎಷ್ಟು ಮಿಲಿವಾಟ್ ಅಂತ ಹುಡುಕಿ. “1000 ಮಿಲಿವಾಟ್” ಅಂತ ದಪ್ಪ ಅಕ್ಷರದಲ್ಲಿ ಬರೆದದ್ದು ಸಾಮಾನ್ಯವಾಗಿ 32 ಓಮ್‌ನ ಲೆಕ್ಕ, 250 ಓಮ್‌ಗೆ ಅಷ್ಟು ಸಿಗಲ್ಲ. ಪ್ಲೇನಾರ್ ಜಾತಿಯ (ಒಳಗೆ ಚಪ್ಪಟೆ ತೆಳು ಹಾಳೆ ಅಲ್ಲಾಡಿ ದನಿ ಮಾಡುವ) ಹೆಡ್‌ಫೋನ್‌ಗಳದ್ದು ತಿರುಗಾಮುರುಗಾ. ಓಮ್ ಕಡಿಮೆ ಇದ್ದರೂ ಕೆಲವು 91 ಡೆಸಿಬಲ್‌ನವು, ಕರೆಂಟ್ ಜಾಸ್ತಿ ಎಳೆಯುತ್ತವೆ. ಅವಕ್ಕೆ ಆಂಪ್ ಬೇಕು.

ಇನ್ನೊಂದು ಸಂಖ್ಯೆಯನ್ನ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ: ಆಂಪ್‌ನದೇ ಔಟ್‌ಪುಟ್ ಓಮ್. ಅದು ಹೆಡ್‌ಫೋನ್ ಓಮ್‌ನ ಎಂಟನೇ ಒಂದು ಪಾಲಿಗಿಂತ ಕಡಿಮೆ ಇರಲಿ. 10 ಓಮ್‌ನ ಆಂಪ್‌ಗೆ 16 ಓಮ್‌ನ ಇಯರ್‌ಫೋನ್ ಸಿಕ್ಕಿಸಿದರೆ ಬೇಸ್ ಒಂದು ಕಡೆ, ದನಿ ಒಂದು ಕಡೆ ಆಗಬಹುದು.

ಹೆಡ್‌ಫೋನ್ ಬಟ್ಟಲಿನ ಹಿಂಬದಿ ಜಾಲರಿಯಂತೆ ತೆರೆದದ್ದೋ, ಪೂರ್ತಿ ಮುಚ್ಚಿದ್ದೋ? ಪುಸ್ತಕದ ಉತ್ತರ ತೆರೆದದ್ದು. ತಂಬೂರಿಯ ನಾದ ಅದರಲ್ಲಿ ತಲೆಯ ಹೊರಗೆ ಹರಡಿದ ಹಾಗೆ ಕೇಳುತ್ತದೆ, ನಿಜ. ಆದರೆ ನಮ್ಮ ಕಡೆ ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದ ಮೇಲೆ ಕೂಲರ್ ಹಾಕದೆ ಕೂರೋಕೆ ಆಗುತ್ತಾ? ತೆರೆದ ಹೆಡ್‌ಫೋನ್‌ನಲ್ಲಿ ತಂಬೂರಿ ಮತ್ತು ಕೂಲರ್ ಜುಗಲ್ಬಂದಿ ನಡೆಯುತ್ತದೆ. ಕೂಲರ್ ಇರುವ ಕೋಣೆಗೆ ನಾನು ಮುಚ್ಚಿದ್ದೇ ಹೇಳುತ್ತೇನೆ, ಕಿವಿಮೆತ್ತೆ ಮಾತ್ರ ಬಟ್ಟೆಯದ್ದು. ರೆಕ್ಸಿನ್ ಮೆತ್ತೆ ಬೆವರಿಗೆ ಸಿಪ್ಪೆ ಏಳುತ್ತದೆ, ಕಪ್ಪು ಚೂರು ಕಿವಿ ಸುತ್ತ ಅಂಟಿಕೊಳ್ಳುತ್ತದೆ. ಮೆತ್ತೆ ಬಿಡಿಯಾಗಿ ಸಿಗುತ್ತಾ ಅಂತ ಕೇಳದೆ ಯಾವ ಹೆಡ್‌ಫೋನೂ ಕೊಳ್ಳಬೇಡಿ.

ಪ್ರಶ್ನೆ: ಹೊಸ ಹೆಡ್‌ಫೋನ್ ಹಾಕಿದರೆ ಒಂದೇ ಸಮ ಗುಂಯ್ ಅನ್ನುತ್ತೆ. ಮೌಸ್ ಅಲ್ಲಾಡಿಸಿದರೆ ಕಿರ್ ಕಿರ್. ಮಾಲು ಖರಾಬ್ ಇದೆಯಾ? (ಶಹಾಪುರ)

ಉತ್ತರ: ಮಾಲು ಬಿಡಿ, ಮನೆ ನೋಡಿ. ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ. ಗುಂಯ್ ನಿಂತರೆ ತಪ್ಪು ಕರೆಂಟಿನದ್ದು. ಮೂರು ತೂತಿನ ಸಾಕೆಟ್ ಇರುತ್ತೆ, ಹಿಂದೆ ಅರ್ಥ್ ವೈರೇ ಇರಲ್ಲ. ಇದ್ದರೂ ಬೇಸಿಗೆಯಲ್ಲಿ ನೆಲ ಬಿರುಕು ಬಿಟ್ಟಾಗ ಅರ್ಥಿಂಗ್ ಗುಂಡಿಗೆ ನೀರು ಹಾಕಿದವರು ಯಾರು? ಎಲೆಕ್ಟ್ರಿಷಿಯನ್ ಕರೆದು ಅಳೆಸಿ. ಸ್ಕ್ವೇರ್ ವೇವ್ ಇನ್ವರ್ಟರ್ (ನಯವಾದ ಅಲೆಯ ಬದಲು ಚೌಕ ಅಲೆಯ ಕರೆಂಟ್ ಕೊಡುವಂಥದ್ದು) ಇದ್ದರೆ ಕರೆಂಟ್ ಹೋದಾಗ ಮಾತ್ರ ಗುಂಯ್ ಬರಬಹುದು. ಕಿರ್ ಕಿರ್ ಕಂಪ್ಯೂಟರಿನ ಒಳಗಿನದ್ದು. ಅದಕ್ಕೆ ಹೊರಗೆ ಕೂರುವ ಸಣ್ಣ ಯುಎಸ್‌ಬಿ ಡ್ಯಾಕ್, ಅಂದರೆ ಕಂಪ್ಯೂಟರಿನ ಅಂಕಿಗಳನ್ನ ದನಿಯ ಸಿಗ್ನಲ್ ಮಾಡುವ ಡಬ್ಬಿ, ಒಳ್ಳೆಯ ಮದ್ದು. ಗುಂಯ್ ನಿಲ್ಲಿಸೋಕೆ ಪ್ಲಗ್ಗಿನ ದಪ್ಪ ಪಿನ್ ಮುರಿಯುವ ಮಹಾನುಭಾವರಿದ್ದಾರೆ. ದಯವಿಟ್ಟು ಆ ಕೆಲಸ ಮಾಡಬೇಡಿ. ಶಾಕ್ ಹೊಡೆದು ಜೀವ ಹೋಗುತ್ತದೆ.

ಪ್ರಶ್ನೆ: ಹೊಸ ಹೆಡ್‌ಫೋನನ್ನ 200 ತಾಸು ಹಾಡು ಓಡಿಸಿ ಪಳಗಿಸಬೇಕಾ?
ಉತ್ತರ: ಮೆತ್ತೆ ಮೆತ್ತಗಾಗುತ್ತದೆ, ನಿಮ್ಮ ಕಿವಿ ಒಗ್ಗುತ್ತದೆ. ಸುಮ್ನೆ ಹಾಕಿಕೊಂಡು ಕೇಳಿ.

ಪ್ರಶ್ನೆ: ಚಿನ್ನದ ಲೇಪದ ಯುಎಸ್‌ಬಿ ಕೇಬಲ್?
ಉತ್ತರ: ಬೋಗಸ್.

ಪ್ರಶ್ನೆ: 192 ಕಿಲೋಹರ್ಟ್ಜ್ ಫೈಲ್ ಬೇಕಾ, ಸಿಡಿ ದರ್ಜೆ ಸಾಕಾ?
ಉತ್ತರ: ಸಿಡಿ ಸಾಕು. ಅದರಲ್ಲಿ ಸೆಕೆಂಡಿಗೆ 44.1 ಸಾವಿರ ಸಲ ದನಿಯ ಅಳತೆ ತೆಗೆದಿರುತ್ತಾರೆ, ಅಷ್ಟರಲ್ಲೇ 22 ಕಿಲೋಹರ್ಟ್ಜ್‌ವರೆಗಿನ ದನಿ ಹಿಡಿಯುತ್ತದೆ. ಎಳೆಯ ಕಿವಿಗೂ 20ರ ಆಚೆ ಕೇಳಿಸದು. ನಿಮ್ಮ ವಯಸ್ಸು ಬರೆದಿಲ್ಲ, ಇರಲಿ.

ಪ್ರಶ್ನೆ: ಬ್ಲೂಟೂತ್ ಹೆಡ್‌ಫೋನ್ ಹಾಡಿಗೆ ಚೆನ್ನಾಗಿದೆ, ಆನ್‌ಲೈನ್ ಮೀಟಿಂಗ್ ಶುರುವಾದರೆ ಡಬ್ಬಿಯೊಳಗಿಂದ ಬಂದ ಹಾಗೆ ಕೇಳುತ್ತದೆ. (ಬೀದರ್)
ಉತ್ತರ: ಅದರ ಮೈಕ್ ಆನ್ ಆದ ಕೂಡಲೇ ಕಂಪ್ಯೂಟರ್ ಅದನ್ನ ಫೋನ್ ಕರೆಯ ದರ್ಜೆಗೆ ಇಳಿಸುತ್ತದೆ. ಸೆಟ್ಟಿಂಗ್‌ನಲ್ಲಿ ಲ್ಯಾಪ್‌ಟಾಪ್‌ನ ಮೈಕ್ ಆರಿಸಿ.

ಪ್ರಶ್ನೆ: ಆಂಪ್ ಬಂದ ಮೇಲೆ ರಾತ್ರಿಯೆಲ್ಲ ಜೋರಾಗಿ ಕೇಳುತ್ತೇನೆ. ಬೆಳಗ್ಗೆ ಕಿವಿಯಲ್ಲಿ ಸಿಳ್ಳೆ. ಇಯರ್ ಡ್ರಾಪ್ಸ್ ಯಾವುದು ಹಾಕಲಿ?
ಉತ್ತರ: ಯಾವುದೂ ಬೇಡ. ಕಿವಿಗೆ ಎಣ್ಣೆ ಬಿಡುವವರ ಹತ್ತಿರವೂ ಹೋಗಬೇಡಿ. 85 ಡೆಸಿಬಲ್ ದಿನಕ್ಕೆ 8 ತಾಸು ಮಿತಿ, 88ಕ್ಕೆ 4 ತಾಸು, 94ಕ್ಕೆ ಒಂದೇ ತಾಸು. ಇವತ್ತಿಂದ ಹೆಡ್‌ಫೋನ್ ಎತ್ತಿಡಿ, ಈ ವಾರವೇ ಇಎನ್‌ಟಿ ಡಾಕ್ಟರಿಗೆ ತೋರಿಸಿ. ಅವರು ಹೇಳುವವರೆಗೆ ಆಂಪ್ ಬಗ್ಗೆ ನನಗೆ ಬರೆಯಬೇಡಿ.