ಕೆಟ್ಟ ಫಲಿತಾಂಶವೆಲ್ಲ ಕೆಟ್ಟ ನಿರ್ಧಾರವಲ್ಲ
ನಮಸ್ಕಾರ. ಎರಡು ಬಾರಿ ಕೆಲಸ ಬದಲಿಸಿ ಎರಡು ಬಾರಿಯೂ ಪರಿತಪಿಸಿದ್ದೀರಿ, ಅನುಭವದಿಂದ ನಾನೇಕೆ ಕಲಿಯುತ್ತಿಲ್ಲ ಎಂದು ಕೇಳಿದ್ದೀರಿ. ನಿಮ್ಮನ್ನು ನೀವು ಇಷ್ಟು ಕಠಿಣವಾಗಿ ದೂಷಿಸಿಕೊಳ್ಳಬೇಕಾಗಿಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ. ಅಂದು ಲಭ್ಯವಿದ್ದ ಮಾಹಿತಿಯನ್ನೆಲ್ಲ ತೂಗಿ ನೋಡಿ ಕೈಗೊಂಡ ನಿರ್ಧಾರವೂ ಕೆಟ್ಟ ಫಲ ಕೊಡಬಹುದು. ಅವಸರದ ನಿರ್ಧಾರವೂ ಅದೃಷ್ಟದಿಂದ ಕೈಗೂಡಬಹುದು.

ಅನುಭವ ಪಾಠವಾಗಬೇಕಾದರೆ ಪರಿಸರದಲ್ಲಿ ಒಂದು ಕ್ರಮವಿರಬೇಕು, ಫಲವೂ ಬೇಗ ಸ್ಪಷ್ಟವಾಗಿ ತಿಳಿಯುವಂತಿರಬೇಕು ಎಂದು ಮನೋವಿಜ್ಞಾನಿಗಳಾದ ಡೇನಿಯಲ್ ಕಾನೆಮನ್ ಮತ್ತು ಗ್ಯಾರಿ ಕ್ಲೈನ್ 2009ರ ಜಂಟಿ ಪ್ರಬಂಧದಲ್ಲಿ ವಾದಿಸಿದ್ದಾರೆ. ಚದುರಂಗದಲ್ಲಿ ಇವೆರಡೂ ಇವೆ. ಬದುಕಿನಲ್ಲಿ ಕೆಲವೇ ಬಾರಿ ಎದುರಾಗುವ, ಫಲ ತಿಳಿಯಲು ವರ್ಷಗಳೇ ಹಿಡಿಯುವ ಉದ್ಯೋಗದ ಆಯ್ಕೆಯಲ್ಲಿ ಅವು ತೀರ ವಿರಳ.

ಇದಕ್ಕಿಂತ ದೊಡ್ಡ ತೊಡಕು ನೆನಪಿನದು. ಫಲಿತಾಂಶ ತಿಳಿದವರಿಗೆ ಅದು ಮೊದಲೇ ಊಹಿಸಬಹುದಾಗಿತ್ತು ಎನಿಸತೊಡಗುತ್ತದೆ ಎಂಬುದನ್ನು ಮನೋವಿಜ್ಞಾನಿ ಬರೂಕ್ ಫಿಶ್‌ಹಾಫ್ 1975ರಲ್ಲಿ ಪ್ರಯೋಗಗಳ ಮೂಲಕ ತೋರಿಸಿದರು. ನಾವು ಅಂದು ನಿಜವಾಗಿ ಏನು ಯೋಚಿಸಿದ್ದೆವು ಎಂಬುದೇ ಹೀಗೆ ಮಸುಕಾದಾಗ, ಎಡವಿದ್ದೆಲ್ಲಿ ಎಂದು ಹುಡುಕುವುದಾದರೂ ಹೇಗೆ? ಆದ್ದರಿಂದ ಮುಂದಿನ ಬಾರಿ ಒಪ್ಪಿಗೆ ಕೊಡುವ ಮುನ್ನ, ಏನನ್ನು ನಿರೀಕ್ಷಿಸುತ್ತಿದ್ದೀರಿ, ಯಾವ ಕಾರಣಕ್ಕೆ, ನೂರಕ್ಕೆ ಎಷ್ಟರಷ್ಟು ಖಚಿತವಾಗಿ ಎಂಬುದನ್ನು ದಿನಾಂಕ ಸಮೇತ ಬರೆದಿಡಿ. (ನಾನೂ ಹೀಗೆ ಬರೆಯುತ್ತೇನೆ, ಹಳೆಯ ಪುಟಗಳು ನನ್ನ ನೆನಪಿನೊಂದಿಗೆ ಹೊಂದುವುದು ಅಪರೂಪ.) ಜೊತೆಗೆ, ಕ್ಲೈನ್ ಅವರೇ ಸೂಚಿಸಿದಂತೆ, ಒಂದು ವರ್ಷದ ನಂತರ ಈ ನಿರ್ಧಾರ ಸಂಪೂರ್ಣವಾಗಿ ವಿಫಲವಾಗಿದೆ ಎಂದೇ ಭಾವಿಸಿಕೊಂಡು, ಅದಕ್ಕೆ ಕಾರಣಗಳೇನಿರಬಹುದು ಎಂದು ಈಗಲೇ ಬರೆಯಿರಿ. ಹಿಂದಿನ ಎರಡು ಸಂದರ್ಭಗಳಲ್ಲಿ ನೀವು ಕೇಳದೆ ಬಿಟ್ಟ ಪ್ರಶ್ನೆ ಆ ಪಟ್ಟಿಯಲ್ಲಿ ಕಾಣಿಸಿಕೊಂಡರೆ, ಹೊಸ ಉದ್ಯೋಗದಾತರನ್ನು ಮೊದಲು ಅದನ್ನೇ ಕೇಳಿ.