ಥ್ರಾಟಲ್ ಮೇಲಿಂದ ಕೈ ತೆಗೀಬೇಡಿ: ಬಿರುಸು ನೀರಲ್ಲಿ ಬೋಟ್ ಓಡಿಸೋ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ನಾವು ಅಣ್ಣತಮ್ಮಂದಿರು ಸೇರಿ 22 ಅಡಿಯ ಫೈಬರ್ ಬೋಟ್ ಸೆಕೆಂಡ್ ಹ್ಯಾಂಡ್ ತಗೊಂಡು ಮಂಗಳೂರಲ್ಲಿ ಇಟ್ಟಿದ್ದೀವಿ, 150 ಎಚ್‌ಪಿ ಔಟ್‌ಬೋರ್ಡ್ ಎಂಜಿನ್. ಕಾಫಿ ಕೊಯ್ಲು ಮುಗಿದ ಮೇಲೆ ಗಾಳ ಹಾಕಕ್ಕೆ ಹೋಗ್ತೀವಿ. ಬೆಳಿಗ್ಗೆ ಏನೂ ತೊಂದರೆ ಇಲ್ಲ, ಮಧ್ಯಾಹ್ನದ ಮೇಲೆ ಇನ್ನೊಂದು ಜಾಗಕ್ಕೆ ಅಂತ ಪಶ್ಚಿಮಕ್ಕೆ ತಿರುಗಿಸಿದ್ರೆ ಬೋಟು ಧಡಾರ್ ಧಡಾರ್ ಅಂತ ಬಡೀತದೆ. ಸ್ಪೀಡ್ ಏರಿಸಿದ್ರೆ ಅಲೆ ಮೇಲೇ ತೇಲ್ಕೊಂಡು ಹೋಗ್ತದೆ ಅಂತ ಅಣ್ಣ ಹೇಳ್ತಾನೆ, ನಿಜನಾ?
– ವಿರಾಜಪೇಟೆಯ ಓದುಗರು

ಉತ್ತರ: ಒಂದಡಿ ಒಳಗಿನ ಸಣ್ಣ ಅಲೆಗೆ ಅಣ್ಣನ ಮಾತು ಸರಿ. ಅದಕ್ಕಿಂತ ಮೇಲೆ ಹೋದ್ರೆ ಬೋಟು ಒಂದು ಅಲೆ ನೆತ್ತಿಯಿಂದ ಹಾರಿ ಮುಂದಿನ ಅಲೆ ಮೇಲೆ ಬೀಳ್ತದೆ, ಆ ಹೊತ್ತಲ್ಲಿ ಪ್ರೊಪೆಲ್ಲರ್ ಗಾಳೀಲಿ ತಿರುಗಿ ಎಂಜಿನ್ ಕಿರುಚ್ತದೆ, ಕೆಳಗೆ ಬಿದ್ದಾಗ ಆ ಪೆಟ್ಟು ನೇರ ನಿಮ್ಮ ಬೆನ್ನುಮೂಳೆಗೆ. ಮುಂದಿನ ತುದೀಲಿ ಕೂತವರಿಗೆ ಬೆನ್ನುಮೂಳೆ ಮುರಿದ ಪ್ರಕರಣಗಳು ನಿಜವಾಗ್ಲೂ ಇದಾವೆ. ಹಾಗಾಗಿ ಅಲೆ ಎದ್ದ ಮೇಲೆ ಮುಂದೆ ಯಾರನ್ನೂ ಕೂರಿಸಬೇಡಿ, ಎಲ್ಲರೂ ಹಿಂದೆ ಬರ್ಲಿ, ನಿಂತವರು ಮೊಣಕಾಲು ಸ್ವಲ್ಪ ಬಗ್ಗಿಸಿಕೊಂಡು ನಿಲ್ಲಲಿ.

ಮೊದಲು ಮಾಡಬೇಕಾಗಿರೋದು ಎಂಜಿನ್ ಟ್ರಿಮ್, ಅಂದ್ರೆ ಹಿಂದೆ ತೂಗೋ ಎಂಜಿನ್ ಎಷ್ಟು ವಾಲಿರ್ತದೆ ಅನ್ನೋದನ್ನ, ಬೋಟಿನ ಕಡೆಗೆ ಒಳಗೆ ಎಳೆಯೋದು. ಒಳಗೆ ಎಳೆದ್ರೆ ಬೋಟಿನ ಮೂತಿ ಕೆಳಗೆ ಬರ್ತದೆ, ಆಗ ತಳದ ಚಪ್ಪಟೆ ಭಾಗದ ಬದಲು ಮುಂದಿನ ಚೂಪಾದ ಭಾಗ ಅಲೆಯನ್ನ ಸೀಳ್ತದೆ. ಟ್ರಿಮ್ ಟ್ಯಾಬ್ (ಬೋಟಿನ ಹಿಂದಿನ ಅಂಚಲ್ಲಿ ಎಡಕ್ಕೊಂದು ಬಲಕ್ಕೊಂದು ಇರೋ, ಮೇಲೆ ಕೆಳಗೆ ಆಡೋ ತಗಡು) ಇದ್ರೆ ಅದನ್ನೂ ಸ್ವಲ್ಪ ಕೆಳಗೆ ಬಿಡಿ, ಐಸ್ ಬಾಕ್ಸ್ ಥರ ಭಾರದ ಸಾಮಾನನ್ನ ಒಂಚೂರು ಮುಂದಕ್ಕೆ ಸರಿಸಿ ಕಟ್ಟಿ. ಆಮೇಲೆ ಸ್ಪೀಡು, ಬೋಟು ನೀರಿನ ಮೇಲೆ ಎದ್ದು ಓಡಕ್ಕೆ ಎಷ್ಟು ಕಮ್ಮಿ ಸ್ಪೀಡ್ ಸಾಕೋ ಅಷ್ಟೇ ಇಡಿ, ನಿಮ್ಮ ಸೈಜಿನ ಬೋಟಿಗೆ ಅದು ಸುಮಾರು 12ರಿಂದ 16 ನಾಟ್ ಆಗಬಹುದು, ಅಂದ್ರೆ ಗಂಟೆಗೆ 22ರಿಂದ 30 ಕಿಲೋಮೀಟರ್. ಅದಕ್ಕೂ ಬಡಿದ್ರೆ ನಾಚಿಕೆ ಪಡದೆ ಇನ್ನೂ ಇಳಿಸಿ.

ಆದ್ರೆ ಒಂದೇ ಸ್ಪೀಡಿಗೆ ಫಿಕ್ಸ್ ಮಾಡಿ ಕೈ ತೆಗೆದ್ರೆ ಎಲ್ಲಾ ಕೆಟ್ಟುಹೋಗ್ತದೆ. ತೋಟದ ಕಚ್ಚಾ ರಸ್ತೇಲಿ ಜೀಪ್ ಓಡಿಸೋರಿಗೆ ಇದು ಬೇಗ ಅರ್ಥ ಆಗ್ತದೆ, ಪ್ರತಿ ಹಳ್ಳಕ್ಕೂ ಕಾಲು ಆಕ್ಸಿಲೇಟರ್ ಮೇಲೆ ಕೆಲಸ ಮಾಡ್ತಾನೇ ಇರ್ತದಲ್ಲ, ಇಲ್ಲಿ ಆ ಕೆಲಸ ಕೈಗೆ. ಅಲೆ ಹತ್ತೋವಾಗ ಪವರ್ ಕೊಡಿ, ನೆತ್ತಿ ತಲುಪೋಕೆ ಸ್ವಲ್ಪ ಮೊದಲು ಇಳಿಸಿ, ಆಗ ಬೋಟು ಹಾರಲ್ಲ, ಆ ಕಡೆ ಇಳಿದು ಮೂತಿ ಕೆಳಗೆ ಹೋಗ್ತಿದ್ದ ಹಾಗೇ ಮತ್ತೆ ಸ್ವಲ್ಪ ಕೊಡಿ, ಮೂತಿ ಏಳ್ತದೆ. ನೇರ ಎದುರಿಗೆ ನುಗ್ಗದೆ 30–45 ಡಿಗ್ರಿ ಓರೆಯಾಗಿ ಅಲೆ ತಗೊಳ್ಳಿ, ಹಾವಿನ ದಾರಿ ಥರ ಎಡಕ್ಕೊಮ್ಮೆ ಬಲಕ್ಕೊಮ್ಮೆ ಹೋದ್ರೂ ಅಲೆ ಇಳಿಜಾರು ಮೆತ್ತಗಾಗ್ತದೆ. ಅಡ್ಡಗಾಳಿಗೆ ಬೋಟು ಗಾಳಿ ಬರೋ ಕಡೆಗೇ ವಾಲಿಕೊಂಡು ಓಡ್ತಿದ್ರೆ ಆ ಕಡೆಯ ಟ್ಯಾಬ್ ಕೆಳಗೆ ಬಿಡಿ, ನೆಟ್ಟಗಾಗ್ತದೆ.

ನಿಮ್ಮ ಬೋಟಿನ ತಳ ಒಮ್ಮೆ ಹಿಂದಿನಿಂದ ನೋಡಿ. ಅಮೆರಿಕದ ರೇಮಂಡ್ ಹಂಟ್ ಅನ್ನೋ ಡಿಸೈನರ್ ಮಾಡಿದ ಆಳದ ವಿ ಆಕಾರದ ತಳ ಇರೋ ಬೋಟು 1960ರಲ್ಲಿ ಮಯಾಮಿ–ನಸ್ಸೌ ರೇಸನ್ನ ಬಿರುಸು ಕಡಲಲ್ಲೇ ಗೆದ್ದ ಮೇಲೆ ಆ ಆಕಾರ ಎಲ್ಲಾ ಕಡೆ ಬಂತು. ಹಿಂದಿನವರೆಗೂ ವಿ ಆಳ ಇದ್ರೆ ಬಡಿತ ಕಮ್ಮಿ, ನಿಂತಾಗ ಓಲಾಟ ಸ್ವಲ್ಪ ಜಾಸ್ತಿ. ಹಿಂದೆ ಚಪ್ಪಟೆ ಇದ್ರೆ ಎಷ್ಟೇ ಟ್ರಿಮ್ ಮಾಡಿದ್ರೂ ಬಡಿಯೋದು ಪೂರ್ತಿ ಹೋಗಲ್ಲ, ಸ್ಪೀಡ್ ಇಳಿಸೋದೇ ದಾರಿ.

ಪ್ರಶ್ನೆ: ವಾಪಸ್ ಬರೋವಾಗ ಅಳಿವೆ ಬಾಗಿಲಲ್ಲಿ ಅಲೆ ಹಿಂದಿಂದ ಬರ್ತದೆ. ಬೋಟು ತಾನಾಗೇ ಅಡ್ಡ ತಿರುಗಕ್ಕೆ ನೋಡ್ತದೆ. ಹೆದರಿ ಥ್ರಾಟಲ್ ಪೂರ್ತಿ ಇಳಿಸಿಬಿಡ್ತೀನಿ. ಸರಿನಾ ತಪ್ಪಾ?
– ಮಡಿಕೇರಿಯ ಓದುಗರು

ಉತ್ತರ: ತಪ್ಪು, ಇದನ್ನ ದಯವಿಟ್ಟು ಇವತ್ತೇ ಬಿಟ್ಟುಬಿಡಿ. ಔಟ್‌ಬೋರ್ಡ್ ಬೋಟಿಗೆ ಬೇರೆ ಚುಕ್ಕಾಣಿ ಇರಲ್ಲ, ಪ್ರೊಪೆಲ್ಲರ್ ನೀರು ತಳ್ಳಿದ್ರೆ ಮಾತ್ರ ಅದು ತಿರುಗೋದು. ಪವರ್ ತೆಗೆದ ಕ್ಷಣ ಸ್ಟೀರಿಂಗ್ ಇದ್ದೂ ಇಲ್ಲದ ಹಾಗೆ, ಮೇಲಿಂದ ನಿಮ್ಮದೇ ಬೋಟ್ ಎಬ್ಬಿಸಿದ ಅಲೆ ಹಿಂದಿನ ಹಲಗೆ ಹತ್ತಿ ಒಳಗೆ ಬರ್ತದೆ.

ಹೆದರಿಕೆ ಬರೋದು ಸಹಜ, ಯಾಕಂದ್ರೆ ಎದುರಿನ ಅಲೆ ಸೊಂಟ ನೋಯಿಸ್ತದೆ, ಆದ್ರೆ ಬೋಟು ಮಗುಚೋದು ಹಿಂದಿನ ಅಲೆಗೇ ಜಾಸ್ತಿ. ಹೇಗೆ ಅಂದ್ರೆ, ನೀವು ಅಲೆಗಿಂತ ಫಾಸ್ಟಾಗಿ ಹೋಗಿ ನೆತ್ತಿ ದಾಟಿ ಆ ಕಡೆ ಜಾರಿದ್ರೆ ಮೂತಿ ಮುಂದಿನ ಅಲೆಯ ಬೆನ್ನಿಗೆ ಹೂತ್ಕೊಂಡು ಬ್ರೇಕ್ ಹಾಕಿದಂಗೆ ನಿಲ್ತದೆ, ಹಿಂಭಾಗ ಮೇಲೆದ್ದು ಪಕ್ಕಕ್ಕೆ ಓಡ್ತದೆ, ಬೋಟು ಅಲೆಗೆ ಅಡ್ಡ, ಮುಂದಿನ ಅಲೆ ಬಂದು ಉರುಳಿಸ್ತದೆ. ಇದೆಲ್ಲಾ ಆಗಕ್ಕೆ ನಾಲ್ಕೈದು ಸೆಕೆಂಡ್ ಸಾಕು.

ಅದಕ್ಕೇ ಅಳಿವೆ ಹೊರಗೆ, ಅಲೆ ಒಡೆಯೋ ಜಾಗದಿಂದ ದೂರದಲ್ಲಿ ಬೋಟ್ ನಿಲ್ಲಿಸಿ ನೋಡಿ. ದೊಡ್ಡ ಅಲೆಗಳು ಸಾಮಾನ್ಯವಾಗಿ ಗುಂಪಾಗಿ ಬರ್ತವೆ, ಆಮೇಲೆ ಸ್ವಲ್ಪ ಹೊತ್ತು ಸಣ್ಣವು. ಆಗ ಟ್ಯಾಬ್ ಪೂರ್ತಿ ಮೇಲೆತ್ತಿ, ಎಂಜಿನ್ ಟ್ರಿಮ್ ಸ್ವಲ್ಪ ಹೊರಗೆ ಬಿಡಿ, ಮುಂದೆ ಸರಿಸಿದ್ದ ಸಾಮಾನು ಹಿಂದಕ್ಕೆ ತನ್ನಿ, ಮೂತಿ ಹಗುರ ಆಗಿ ಮೇಲೆ ನಿಲ್ಲಬೇಕು. ಗಾಳಕ್ಕೆ ಹಾಕೋ ಜೀವಂತ ಮೀನು ಇಡೋ ಲೈವ್ ಬೈಟ್ ಟ್ಯಾಂಕಲ್ಲಿ ನೀರು ಇದ್ರೆ ಖಾಲಿ ಮಾಡಿ, 100 ಲೀಟರ್ ಅಂದ್ರೆ 100 ಕೆಜಿ, ಅದೂ ಆ ಕಡೆ ಈ ಕಡೆ ಓಡಾಡೋ ಭಾರ. ದೊಡ್ಡ ಗುಂಪಿನ ಕೊನೇ ಅಲೆ ಹೋದ ತಕ್ಷಣ ಅದರ ಬೆನ್ನ ಮೇಲೆ ಹತ್ತಿ, ಅಲ್ಲೇ ಇರಿ. ನೆತ್ತಿ ಹತ್ರ ಬಂತು ಅನ್ನಿಸಿದ್ರೆ ಒಂಚೂರು ಇಳಿಸಿ, ಹಿಂದಿನ ಅಲೆ ಹತ್ರ ಬಂತು ಅಂದ್ರೆ ಒಂಚೂರು ಏರಿಸಿ. ಅಲೆ ನಿಮ್ಮನ್ನ ಒಳಗೆ ಕರ್ಕೊಂಡು ಹೋಗಬೇಕೇ ಹೊರತು ನೀವು ಅದನ್ನ ಓವರ್‌ಟೇಕ್ ಮಾಡಬಾರದು. ಹಿಂಭಾಗ ಪಕ್ಕಕ್ಕೆ ಜಾರಕ್ಕೆ ಶುರುವಾದ್ರೆ ಮೂತಿ ನೇರ ಆಗೋ ಕಡೆಗೆ ಸ್ಟೀರಿಂಗ್ ತಿರುಗಿಸಿ ಜೊತೆಗೇ ಪವರ್ ಕೊಡಿ. ಮಧ್ಯದಲ್ಲಿ ಮನಸ್ಸು ಬದಲಾಯಿಸಿ ಯೂ ಟರ್ನ್ ಹೊಡೀಬೇಡಿ, ಅಲ್ಲಿ ಅಡ್ಡ ಸಿಕ್ಕಿದ್ರೆ ಯಾವ ಬೋಟೂ ಉಳಿಯೋದು ಕಷ್ಟ.

ಟೈಮಿಂಗ್ ಬಗ್ಗೆ ಒಂದು ಮಾತು. ಮಂಗಳೂರಲ್ಲಿ ನೇತ್ರಾವತಿ, ಗುರುಪುರ ಎರಡೂ ಹೊಳೆ ಬೆಂಗ್ರೆ–ಉಳ್ಳಾಲದ ನಡುವೆ ಒಂದೇ ಬಾಗಿಲಲ್ಲಿ ಕಡಲಿಗೆ ಬೀಳ್ತವೆ. ಇಳಿತದ ನೀರು ಹೊರಗೆ ಓಡ್ತಿರೋವಾಗ ಕಡಲಿನ ಅಲೆ ಎದುರಿಂದ ಬಂದ್ರೆ ಅಲೆ ಒತ್ತೊತ್ತಾಗಿ ಕಡಿದಾಗಿ ನಿಲ್ತದೆ, ಒಡೀತದೆ. ಭರತ ಏರ್ತಿರೋವಾಗ ಅಥವಾ ನೀರು ನಿಂತಾಗ ಅದೇ ಬಾಗಿಲು ಎಷ್ಟೋ ಸುಲಭ. ಭರತದಿಂದ ಇಳಿತಕ್ಕೆ ಆರು ಗಂಟೆ ಚಿಲ್ಲರೆ, ಕಾಯೋದು ದೊಡ್ಡ ವಿಷಯ ಅಲ್ಲ. ನಮ್ಮ ಪುಷ್ಪಗಿರಿ ಕಡೆ ಸುರಿದ ಮಳೆ ಕುಮಾರಧಾರೆ ಆಗಿ ಉಪ್ಪಿನಂಗಡೀಲಿ ನೇತ್ರಾವತಿ ಸೇರಿ ಇದೇ ಬಾಗಿಲಿಂದ ಹೊರಗೆ ಹೋಗ್ತದೆ, ಹಾಗಾಗಿ ಅಕ್ಟೋಬರ್‌ನಲ್ಲಿ ಅಲ್ಲಿ ಜೋರು ಮಳೆ ಆಗಿದೆ ಅಂತ ಊರಿಂದ ಫೋನ್ ಬಂದ್ರೆ ಮಂಗಳೂರಲ್ಲಿ ಬಿಸಿಲಿದ್ರೂ ಹೊಳೆಯ ಸೆಳೆತ ಜಾಸ್ತಿ ಇರ್ತದೆ ಅಂತಲೇ ಲೆಕ್ಕ ಹಾಕಿ.

ಪ್ರಶ್ನೆ: ಹಾರಂಗಿ ಹಿನ್ನೀರಲ್ಲಿ 12 ಅಡಿಯ ಸಣ್ಣ ಬೋಟಲ್ಲಿ ಓಡಾಡಕ್ಕೆ ಪರ್ಮಿಶನ್ ಸಿಕ್ಕರೆ ಕಡಲಿನಷ್ಟು ಭಯ ಬೇಡ ಅಲ್ವಾ?
– ಕುಶಾಲನಗರದ ಓದುಗರು

ಉತ್ತರ: ಅಲೆ ಎತ್ತರ ಕಮ್ಮಿ, ಆದ್ರೆ ಒಂದಕ್ಕೊಂದು ಅಂಟಿಕೊಂಡೇ ಬರ್ತವೆ. ಸಣ್ಣ ಬೋಟಿನ ಅಂಚು ನೀರಿಂದ ಒಂದೂವರೆ ಅಡಿ ಮೇಲಿರ್ತದೆ ಅಷ್ಟೆ, ಹಿಂದೆ ಎಂಜಿನ್ ಇರೋ ಜಾಗದಲ್ಲಿ ಇನ್ನೂ ಕಮ್ಮಿ, ಮುಂಗಾರಿನ ನೈಋತ್ಯ ಗಾಳೀಲಿ ಅಲ್ಲಿಂದಲೇ ನೀರು ತುಂಬ್ತದೆ. ಗಾಳಿ ಯಾವ ದಡದಿಂದ ಬೀಸ್ತಿದೆಯೋ ಆ ದಡದ ಪಕ್ಕದಲ್ಲೇ ಹೋಗಿ, ಅಲ್ಲಿ ಅಲೆ ಬೆಳೆಯಕ್ಕೆ ಜಾಗ ಇರಲ್ಲ. ಡ್ಯಾಮ್ ನೀರು ಇಳಿದಾಗ ಮುಳುಗಿದ ಮರದ ಬುಡಗಳು ಮೇಲ್ಮೈ ಹತ್ರ ಬಂದಿರಬಹುದು, ಅಲೆ ಇದ್ದಾಗ ಅವು ಕಾಣಲ್ಲ, ಸ್ಪೀಡ್ ಬೇಡವೇ ಬೇಡ.

ಪ್ರಶ್ನೆ: ನಮ್ಮ ಯಜಮಾನರು ಸಣ್ಣವರಿರೋವಾಗಿಂದ ಕಾವೇರೀಲಿ ಈಜಿದವರು, ಲೈಫ್ ಜಾಕೆಟ್ ಸೆಕೆ ಅಂತ ಹಾಕಲ್ಲ. ಏನು ಹೇಳೋದು?
– ಸೋಮವಾರಪೇಟೆಯ ಓದುಗರು

ಉತ್ತರ: ಅಮ್ಮಾ, 20 ನಾಟ್ ಸ್ಪೀಡಲ್ಲಿ ಬೋಟಿಂದ ಬಿದ್ದವರು ಈಜಕ್ಕೆ ಶುರು ಮಾಡೋ ಮೊದಲೇ ತಲೆಗೆ ಪೆಟ್ಟಾಗಿ ಪ್ರಜ್ಞೆ ತಪ್ಪಿರಬಹುದು. ಪ್ರಜ್ಞೆ ಇಲ್ಲದವರನ್ನ ತೇಲಿಸೋದು ಜಾಕೆಟ್ ಮಾತ್ರ. ಸೆಕೆ ಆಗೋರಿಗೆ ನೀರಿಗೆ ಬಿದ್ದಾಗ ಗಾಳಿ ತುಂಬೋ ತೆಳು ಜಾಕೆಟ್ ಸಿಗ್ತದೆ, ಕೊಡಿಸಿ. ಅವರೇ ಓಡಿಸೋದಾದ್ರೆ ಕಿಲ್ ಸ್ವಿಚ್‌ನ (ದಾರ ಕಿತ್ತು ಬಂದ ತಕ್ಷಣ ಎಂಜಿನ್ ಆಫ್ ಮಾಡೋ ಸ್ವಿಚ್) ಕೆಂಪು ದಾರ ತೊಡೆಗೋ ಸೊಂಟಕ್ಕೋ ಕಟ್ಟಿಕೊಂಡೇ ಎಂಜಿನ್ ಸ್ಟಾರ್ಟ್ ಮಾಡಬೇಕು. ಅದು ಇಲ್ಲದಿದ್ರೆ ಡ್ರೈವರ್ ಬಿದ್ದ ಮೇಲೂ ಬೋಟು ನಿಲ್ಲಲ್ಲ, ಸ್ಟೀರಿಂಗ್ ತಾನೇ ತಿರುಗಿ ಸುತ್ತು ಹಾಕಿ ಬಿದ್ದವರ ಮೇಲೇ ಬರ್ತದೆ.

ಹೊರಡೋ ಹಿಂದಿನ ರಾತ್ರಿ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯ ಕಡಲಿನ ಮುನ್ಸೂಚನೆ ನೋಡಕ್ಕೆ ಹೇಳಿ, ಅಲೆ ಎತ್ತರ ಮಾತ್ರ ಅಲ್ಲ, ಅಲೆಗೂ ಅಲೆಗೂ ಎಷ್ಟು ಸೆಕೆಂಡ್ ಅನ್ನೋದನ್ನೂ. ಒಂದು ಮೀಟರ್ ಅಲೆ 10 ಸೆಕೆಂಡಿಗೊಂದು ಬಂದ್ರೆ ಹೊರಗಿನ ಕಡಲಲ್ಲಿ ಬೋಟು ಮೆತ್ತಗೆ ಏರಿಳೀತದೆ ಅಷ್ಟೆ, ಅದೇ 4 ಸೆಕೆಂಡಿಗೊಂದು ಬಂದ್ರೆ ಆ ದಿನ ಮನೇಲಿರೋದೇ ಒಳ್ಳೇದು. ಕೋಸ್ಟ್ ಗಾರ್ಡ್ ನಂಬರ್ 1554 ಅವರ ಫೋನಲ್ಲೂ ಇರಲಿ, ನಿಮ್ಮ ಫೋನಲ್ಲೂ ಇರಲಿ. ಯಾವ ಕಡೆ ಹೋಗ್ತಾರೆ, ಎಷ್ಟು ಜನ, ಎಷ್ಟು ಗಂಟೆಗೆ ದಡ ಸೇರ್ತಾರೆ ಅಂತ ಒಂದು ಚೀಟೀಲಿ ಬರೆಸಿ ಇಟ್ಕೊಳ್ಳಿ, ಹೇಳಿದ ಟೈಮ್ ಮೀರಿ ಫೋನೂ ಸಿಗದಿದ್ರೆ ಆ ಚೀಟಿ ಮುಂದಿಟ್ಕೊಂಡು ನೀವೇ ಕರೆ ಮಾಡಿ.